ಕೋಟಿ ಕಾರು ಶೆಡ್ಡಿಗೆ, ಡ್ರೈವರಣ್ಣ ಕೆಂಪು ಬಸ್ಸಿಗೆ!

ಕಾಫಿಗೆ ಬೆಲೆ ಬಂದ ಸುದ್ದಿ ನಮ್ಮ ಜಿಲ್ಲೆಯಲ್ಲಿ ಬ್ಯಾಂಕಿನವರಿಗಿಂತ ಮೊದಲು ಕಾರು ಮಾರುವವರಿಗೆ ತಿಳಿಯುತ್ತದೆ. 2024-25ರಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದ್ದೇ ತಡ, ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆಯ ತೋಟಗಳ ಗೇಟಿನ ಮುಂದೆ ಬೆಂಗಳೂರು, ಮಂಗಳೂರಿನ ಶೋರೂಂ ಹುಡುಗರು ಟೈ ಕಟ್ಟಿಕೊಂಡು ಬಂದು ನಿಂತರು. "ಸಾರ್, ತಗೊಳ್ಳೋದು ಬಿಡೋದು ಆಮೇಲೆ, ಒಂದು ರೌಂಡ್ ಓಡಿಸಿ ನೋಡಿ" ಅಂತ ಹೊಳೆಯುವ ಕಾರನ್ನು ಕಾಫಿ ಒಣಗಿಸುವ ಕಣದ ತನಕ ತಂದರು.

ಆ ಹುಡುಗರ ವಿನಯವನ್ನು ನೋಡಬೇಕಿತ್ತು ಸ್ವಾಮಿ! ಯಜಮಾನರಿಗೆ ನಮಸ್ಕಾರ, ಅಮ್ಮನವರ ಕಾಲಿಗೆ ನಮಸ್ಕಾರ, ಅಂಗಳದ ನಾಯಿಗೂ ಒಂದು ಬಿಸ್ಕತ್ತು. ಡೆಲಿವರಿ ದಿನ ಕಾರಿನ ಮೇಲೆ ರೇಷ್ಮೆ ಹೊದಿಕೆ, ಕೇಕು, ಹೂಗುಚ್ಛ, ಫೋಟೋ. "ಕಾರು ರಿಪೇರಿಗೆ ಬಂದರೆ?" ಎಂದು ಯಾರಾದರೂ ಕೇಳಿದರೆ ಉತ್ತರ ನಾಲಗೆಯ ತುದಿಯಲ್ಲೇ ಇತ್ತು: "ಅದರ ಚಿಂತೆ ನಮಗೆ ಬಿಡಿ ಸಾರ್. ನಿಮ್ಮ ಕಾರು ನಮ್ಮ ಹತ್ತಿರ ಇರೋವಷ್ಟು ದಿನ ನಮ್ಮ ಕಾರು ನಿಮ್ಮ ಹತ್ತಿರ ಇರುತ್ತೆ."

ಎಷ್ಟು ಚಂದದ ಮಾತು! ಆದರೆ ಈ ಮಾತನ್ನು ಬರೆದುಕೊಟ್ಟವರು ಯಾರು? ಬರೆಸಿಕೊಂಡವರು ಯಾರು? ಎರಡಕ್ಕೂ ಉತ್ತರ ಒಂದೇ. ಯಾರೂ ಇಲ್ಲ. ಈಗ ವಾರಂಟಿ ಕಾರುಗಳಲ್ಲಿ ಒಂದೊಂದೇ ಕೆಂಪು ದೀಪ ಹತ್ತತೊಡಗಿದೆ. ಶೋರೂಂನ ಮರ್ಯಾದೆಯ ನಿಜವಾದ ತೂಕ ಎಷ್ಟು ಅನ್ನುವುದು ನಮ್ಮವರಿಗೆ ಈಗ ತಿಳಿಯುತ್ತಿದೆ.

ನಲವತ್ತೊಂದು ದಿನ

ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರ ಕಥೆ ಕೇಳಿ. ಹೆಸರು ಬೇಡ ಅಂದಿದ್ದಾರೆ, ಶೋರೂಂ ಹೆಸರನ್ನೂ ಹಾಕುತ್ತಿಲ್ಲ. ಅವರ ಕಾರು ವಾರಂಟಿಯಲ್ಲಿದ್ದಾಗಲೇ ಕೊಟ್ಟಿಗೆಹಾರದ ಹತ್ತಿರ ನಿಂತುಬಿಟ್ಟಿತು. ಫೋನು ಮಾಡಿದರು. ಲಾರಿ ಬಂತು, ಕಾರನ್ನು ಹೊತ್ತುಕೊಂಡು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಯಿತು. ಅಲ್ಲಿಯವರೆಗೆ ಎಲ್ಲವೂ ಹೇಳಿದ ಹಾಗೇ ಆಯಿತು ಅನ್ನುವುದನ್ನು ನಾವೂ ಒಪ್ಪಬೇಕು.

ಆಮೇಲೆ ಶುರುವಾಯಿತು. "ಒಂದು ಪಾರ್ಟು ಜರ್ಮನಿಯಿಂದ ಬರಬೇಕು ಸಾರ್." ಎಷ್ಟು ದಿನ? "ಹತ್ತು ದಿನ." ಹತ್ತು ದಿನ ಕಳೆದ ಮೇಲೆ "ಕಸ್ಟಮ್ಸ್‌ನಲ್ಲಿದೆ." ಇಪ್ಪತ್ತು ದಿನ ಕಳೆದ ಮೇಲೆ "ಬಂತು ಸಾರ್, ಆದರೆ ಅದರ ಜೊತೆಗೆ ಇನ್ನೊಂದು ಬೇಕಂತೆ." ಒಟ್ಟು ನಲವತ್ತೊಂದು ದಿನ.

ಈ ನಲವತ್ತೊಂದು ದಿನದಲ್ಲಿ ಶೋರೂಂನ ಎರಡನೆಯ ಕಾರು ಬರಲೇ ಇಲ್ಲ. ಕೇಳಿದಾಗಲೆಲ್ಲ ಒಂದೊಂದು ಕಾರಣ. ಮೊದಲನೆಯ ವಾರ "ಎಲ್ಲ ಕಾರೂ ಹೊರಗಿದೆ ಸಾರ್." ಎರಡನೆಯ ವಾರ "ಅದು ಸಿಟಿ ಲಿಮಿಟ್ಸ್ ಒಳಗಿನವರಿಗೆ ಮಾತ್ರ." ಮೂರನೆಯ ವಾರ "ಮ್ಯಾನೇಜರ್ ಅಪ್ರೂವಲ್ ಬೇಕು." ನಾಲ್ಕನೆಯ ವಾರ ಫೋನು ಎತ್ತುವವರೇ ಇಲ್ಲ.

"ಕೋಟಿ ರೂಪಾಯಿ ಕಾರಿನವರಿಗೆ ಇದೇನು ಮಹಾ ಕಷ್ಟ?" ಅಂತ ಓದುಗರು ಕೇಳಬಹುದು. ಅವರ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ತಾಯಿ ಇದ್ದಾರೆ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ಚಿಕ್ಕಮಗಳೂರಿಗೆ ಬರಬೇಕು. ತೋಟದಲ್ಲಿ ಜೀಪು ಇದೆ, ನಿಜ. ಆದರೆ ಆ ಮುದುಕಿಗೆ ಜೀಪು ಹತ್ತಲಾಗದು. ಹತ್ತಿಸಿದರೂ ಡಯಾಲಿಸಿಸ್ ಮುಗಿಸಿ ಸುಸ್ತಾದವರನ್ನು ಆ ರಸ್ತೆಯಲ್ಲಿ ಜೀಪಿನಲ್ಲಿ ಕುಲುಕಿಸಿಕೊಂಡು ತರುವ ಹಾಗಿಲ್ಲ. ಈ ಕಾರು ತೆಗೆದುಕೊಂಡದ್ದೇ ಅಮ್ಮನ ಸಲುವಾಗಿ.

"ಹನ್ನೆರಡು ಸಲ ಟ್ಯಾಕ್ಸಿ ಮಾಡಿದೆ. ಸಲಕ್ಕೆ ಎರಡೂವರೆ ಸಾವಿರ. ಮೂವತ್ತು ಸಾವಿರ ಹೋಯ್ತು. ದುಡ್ಡಿನ ಮಾತಲ್ಲ ಕಣ್ರೀ. ಒಂದು ದಿನ ಬೆಳಿಗ್ಗೆ ಟ್ಯಾಕ್ಸಿಯವನು ಕೈ ಕೊಟ್ಟ. ಅಮ್ಮ ಸೀರೆ ಉಟ್ಕೊಂಡು ಜಗಲೀಲಿ ಕೂತಿದ್ದರು. ಎರಡು ಗಂಟೆ ಕೂತರು. ಆವತ್ತು ನನಗೆ ಆ ಶೋರೂಂನ ಕೇಕು, ಹೂವು ಎಲ್ಲ ನೆನಪಾಯ್ತು ನೋಡಿ" ಅಂದರು ಆ ಬೆಳೆಗಾರರು.

ಡ್ರೈವರಣ್ಣ ಕಂಡದ್ದು

ಅದೇ ಕಾರಿನ ಡ್ರೈವರ್ ಹೇಳುವುದು ಇನ್ನೂ ಸ್ವಾರಸ್ಯ. ಆತನನ್ನು ಯಜಮಾನರು ಆ ಅವಧಿಯಲ್ಲಿ ಮೂರು ಸಲ ಮಂಗಳೂರಿಗೆ ಕಳಿಸಿದರು. ಮೂರು ಸಲವೂ ಕೆಂಪು ಬಸ್ಸು.

ಒಳಗೆ ತಣ್ಣನೆಯ ಎ.ಸಿ. ಹಾಲು, ಸೋಫಾ, ಕಾಫಿ ಮಷೀನು. (ಆ ಕಾಫಿ ಬೀಜ ಬೆಳೆದದ್ದು ನಮ್ಮ ಗುಡ್ಡದಲ್ಲೇ ಇದ್ದರೂ ಇರಬಹುದು.) ಡ್ರೈವರ್ ಅಂತ ಗೊತ್ತಾದ ಕೂಡಲೇ "ಅಣ್ಣ, ನೀವು ಹಿಂದುಗಡೆ ಕೂತ್ಕೊಳ್ಳಿ." ಹಿಂದುಗಡೆ ಅಂದರೆ ತಗಡಿನ ಮಾಡು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ನೀರಿನ ಕ್ಯಾನು. ಅಲ್ಲಿ ಕೂತೇ ಆತ ಒಂದು ಸಂಗತಿ ನೋಡಿದ. ದೊಡ್ಡ ಕುಳವೊಂದರ ಕಾರು ಬೆಳಿಗ್ಗೆ ಸರ್ವಿಸಿಗೆ ಬಂತು. ಬರೀ ಸರ್ವಿಸು, ರಿಪೇರಿಯಲ್ಲ. ಮ್ಯಾನೇಜರೇ ಬಾಗಿಲಿಗೆ ಬಂದರು. ಹತ್ತೇ ನಿಮಿಷದಲ್ಲಿ ಆ ಕುಳ ಶೋರೂಂನ ಇನ್ನೊಂದು ಕಾರು ಹತ್ತಿ ಹೊರಟುಹೋಯಿತು.

"ನಮ್ಗೆ ಕಾರಿಲ್ಲ ಅಂದಿದ್ರಲ್ಲ ಸಾರ್, ಇದೆಲ್ಲಿಂದ ಬಂತು ಅಂತ ಕೇಳ್ದೆ. ಅದು ವಿ.ಐ.ಪಿ. ಕೋಟಾ ಅಣ್ಣ ಅಂದ್ರು. ನಮ್ ಸಾವ್ಕಾರ್ರೂ ಅಷ್ಟೇ ದುಡ್ ಕೊಟ್ಟಿದ್ದಾರಲ್ಲ ಅಂದೆ. ನಕ್ಕು ಸುಮ್ಮನಾದ್ರು."

ಮುಖ ನೋಡಿ ಮಣೆ ಹಾಕುವುದು ಅಂತ ನಮ್ಮ ಹಿರಿಯರು ಹೇಳುತ್ತಿದ್ದುದು ಇದಕ್ಕೇ.

ಎರವಲು ಕಾರು ಅಂದರೇನು?

ಇದಕ್ಕೆ ನಮ್ಮಲ್ಲಿ ಕರ್ಟಸಿ ಕಾರು ಅನ್ನುತ್ತಾರೆ. ಅಮೆರಿಕದಲ್ಲಿ ಲೋನರ್ ಕಾರು. ಅಚ್ಚ ಕನ್ನಡದಲ್ಲಿ ಎರವಲು ಕಾರು. ಗಿರಾಕಿಯ ಕಾರು ಶೆಡ್ಡಿನಲ್ಲಿರುವಷ್ಟು ದಿನ ಅವರ ಕೆಲಸ ನಿಲ್ಲಬಾರದು ಅಂತ ಡೀಲರೋ ಕಂಪನಿಯೋ ಕೊಡುವ ಬದಲಿ ಕಾರು.

ಕರ್ಟಸಿ ಅಂದರೆ ಸೌಜನ್ಯ, ಹಕ್ಕು ಅಲ್ಲ. ಎಡವಟ್ಟು ಆಗುವುದು ಇಲ್ಲೇ. ಕಾರು ಶೆಡ್ಡಿಗೆ ಹೋದರೆ ಇನ್ನೊಂದು ಕಾರು ಕೊಡಲೇಬೇಕು ಅನ್ನುವ ಕಾಯಿದೆ ನಮ್ಮ ದೇಶದಲ್ಲಿಲ್ಲ. ದುಬಾರಿ ಕಾರುಗಳ ಜೊತೆ ಕೊಡುವ ದಾರಿ ನೆರವಿನ ಯೋಜನೆಗಳಲ್ಲಿ ಬದಲಿ ಕಾರೋ, ಟ್ಯಾಕ್ಸಿಯೋ, ಹೋಟೆಲ್ ರೂಮೋ ಸಿಗುವುದುಂಟು. ಆದರೆ ಸಣ್ಣ ಅಕ್ಷರದಲ್ಲಿ ಷರತ್ತುಗಳಿರುತ್ತವೆ. ಕಾರು ದಾರಿಯಲ್ಲಿ ಕೆಟ್ಟು ನಿಂತಿರಬೇಕು, ಇಷ್ಟು ದಿನ ಮಾತ್ರ, ಅಪಘಾತಕ್ಕೆ ಅನ್ವಯಿಸದು, ಮಾಮೂಲಿ ಸರ್ವಿಸಿಗೆ ಅನ್ವಯಿಸದು, ಕಾರು ಲಭ್ಯವಿದ್ದರೆ ಮಾತ್ರ. ಈ "ಲಭ್ಯವಿದ್ದರೆ" ಅನ್ನುವ ಒಂದೇ ಪದದ ಬಾಗಿಲಲ್ಲಿ ಶೋರೂಂನವರು ಸಲೀಸಾಗಿ ಹೊರಗೆ ಹೋಗುತ್ತಾರೆ.

ನಮ್ಮ ಜಿಲ್ಲೆಯವರಿಗೆ ಕಷ್ಟ ಇನ್ನೊಂದು ಸುತ್ತು ಹೆಚ್ಚು. ಚಿಕ್ಕಮಗಳೂರಿನಲ್ಲಿ ಬೆನ್ಸ್, ಬಿ.ಎಂ.ಡಬ್ಲ್ಯು., ಆಡಿ ಶೋರೂಂಗಳಿಲ್ಲ. ಬೆಂಗಳೂರಿಗೆ ಸುಮಾರು 245 ಕಿಲೋಮೀಟರು, ಮಂಗಳೂರಿಗೆ 150 ಕಿಲೋಮೀಟರು, ಅದೂ ಘಾಟಿ ರಸ್ತೆ. ಬೆಂಗಳೂರಿನವನು ಕಾರು ಬಿಟ್ಟು ಆಟೋ ಹಿಡಿದು ಮನೆಗೆ ಹೋಗುತ್ತಾನೆ. ನಮ್ಮವನು ಕಾರು ಬಿಟ್ಟರೆ ಮನೆಗೆ ಬರುವುದೇ ಒಂದು ಪ್ರಯಾಣ. ಎರವಲು ಕಾರು ನಿಜಕ್ಕೂ ಬೇಕಾದದ್ದು ಯಾರಿಗೆ? ದೂರದವನಿಗೆ. ಸಿಗುವುದು ಯಾರಿಗೆ? ಪಕ್ಕದ ಬೀದಿಯವನಿಗೆ.

ಶೋರೂಂನವರ ಮಾತನ್ನೂ ಕೇಳಿ

ಒಂದು ಕಡೆಯ ಮಾತು ಕೇಳಿ ಬರೆಯುವುದು ನ್ಯಾಯವಲ್ಲ. ಇಂಥ ಶೋರೂಂ ಒಂದರಲ್ಲಿ ಹತ್ತು ವರ್ಷ ದುಡಿದು, ಈಗ ಬಿಟ್ಟಿರುವ ಸರ್ವಿಸ್ ಅಡ್ವೈಸರ್ ಒಬ್ಬರು ಎಲ್ಲವನ್ನೂ ಬಿಚ್ಚಿ ಹೇಳಿದರು.

"ನಮ್ಮಲ್ಲಿ ಇದ್ದದ್ದೇ ನಾಲ್ಕು ಕಾರು. ದಿನಕ್ಕೆ ಮೂವತ್ತು ಗಾಡಿ ಒಳಗೆ ಬರ್ತಿತ್ತು. ಯಾರಿಗೆ ಅಂತ ಕೊಡೋದು? ಕೊಟ್ಟ ಕಾರು ವಾಪಸ್ ಬರುವಾಗ ಟ್ಯಾಂಕು ಖಾಲಿ. ಸೀಟಿನ ಮೇಲೆ ಬಿರಿಯಾನಿ. ಒಬ್ಬರು ಎರಡು ದಿನಕ್ಕೆ ಅಂತ ತಗೊಂಡು ಹೋಗಿ ಮಗಳ ಮದುವೆ ಮುಗಿಸ್ಕೊಂಡು ಬಂದರು. ಕ್ಯಾಮೆರಾದಲ್ಲಿ ಬಿದ್ದ ದಂಡದ ಚೀಟಿ ಎಲ್ಲ ನಮ್ಮ ಹೆಸರಿಗೆ. ಗೀರು ಬಿದ್ದರೆ ಇದು ಮೊದಲೇ ಇತ್ತು ಅನ್ನೋರು. ಬೈಸಿಕೊಳ್ಳೋದು ಮಾತ್ರ ನಾವು."

ಈ ಮಾತಿನಲ್ಲೂ ಸತ್ಯವಿದೆ. ಎರವಲು ತಂದ ಸಾಮಾನನ್ನು ತೊಳೆದು ಹಿಂತಿರುಗಿಸುವುದು ಹಳ್ಳಿಯ ಬಡವನಿಗೂ ಗೊತ್ತಿರುವ ರೀತಿ. ಕೋಟಿ ಕಾರಿನವರಿಗೆ ಅದು ಮರೆತುಹೋಗುವುದೇಕೋ!

ಆತ ಹೇಳಿದ ಇನ್ನೊಂದು ಗುಟ್ಟು ಮುಖ್ಯ. ಹೊಸ ಕಾರು ಮಾರಿ ಡೀಲರಿಗೆ ಉಳಿಯುವುದು ಜನ ತಿಳಿದಷ್ಟಿಲ್ಲ. ರಿಯಾಯಿತಿ, ಬಡ್ಡಿ, ಬಾಡಿಗೆ ಕಳೆದರೆ ಅಂಚಿನಲ್ಲಿ ಚೂರು. ಶೋರೂಂನ ಹೊಟ್ಟೆ ತುಂಬಿಸುವುದು ವರ್ಕ್‌ಶಾಪು, ಬಿಡಿಭಾಗ, ಇನ್ಶೂರೆನ್ಸು. ಅಂದರೆ ಯಾವ ಗಿರಾಕಿಯನ್ನು ಹಿಂದುಗಡೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸುತ್ತಾರೋ ಆತನೇ ಅನ್ನದಾತ! ಕೇಕು ಕೊಡುವುದು ಲಾಭ ಕಡಿಮೆ ಇರುವ ಕಡೆ, ಕಾಯಿಸುವುದು ಲಾಭ ಹೆಚ್ಚಿರುವ ಕಡೆ. ಇದು ಯಾವ ಸೀಮೆಯ ವ್ಯಾಪಾರ ಅಂತ ನಮ್ಮ ಸಂತೆಯ ತರಕಾರಿ ಅಜ್ಜಿಯೂ ಕೇಳಬಲ್ಲಳು.

ಸೆಕೆಂಡ್ ಹ್ಯಾಂಡ್ ಸಾಹುಕಾರರು

ಇನ್ನೊಂದು ಜಾತಿಯ ಗಿರಾಕಿಗಳಿದ್ದಾರೆ. ಹೊಸ ಮಾರುತಿಯ ಬೆಲೆಗೆ ಎಂಟು ಹತ್ತು ವರ್ಷ ಹಳೆಯ ಜರ್ಮನ್ ಕಾರು ಕೊಂಡವರು. ಕಡೂರು ಕಡೆಯ ಕಂಟ್ರಾಕ್ಟರೊಬ್ಬರು ಹೀಗೆ ಕೊಂಡು ಸರ್ವಿಸಿಗೆ ಬೆಂಗಳೂರಿಗೆ ಹೋದರು. ಅಡ್ವೈಸರ್ ಕಂಪ್ಯೂಟರಿನಲ್ಲಿ ನಂಬರ್ ಹೊಡೆದು ನೋಡಿದ ಮೊದಲ ಪ್ರಶ್ನೆ: "ಇದು ಎಲ್ಲಿ ತಗೊಂಡ್ರಿ?" ಆ ಕ್ಷಣದಿಂದ "ಸಾರ್" ಹೋಗಿ "ರೀ" ಬಂತಂತೆ.

"ಕಳ್ಳ ಮಾಲು ತಂದವನ ಹಾಗೆ ನೋಡಿದ್ರು. ಎಸ್ಟಿಮೇಟು ನಾಲ್ಕು ಲಕ್ಷ ಅಂದ್ರು. ಕಡಿಮೆ ಆಗಲ್ವಾ ಅಂದರೆ, ಈ ಕಾರು ಮೇಂಟೇನ್ ಮಾಡೋದು ಎಲ್ಲರ ಕೈಲೂ ಆಗಲ್ಲ ರೀ ಅಂದ. ಅಲ್ಲ ಸ್ವಾಮಿ, ನಾಲ್ಕು ಲಕ್ಷ ಕೊಡೋಕೆ ಬಂದವನಿಗೆ ಈ ಮಾತೇ?"

ಕೇಳಬೇಕಾದ ಮಾತೇ ಇದು. ಸೆಕೆಂಡ್ ಹ್ಯಾಂಡ್ ಕಾರಿನ ವಾರಂಟಿ ಮುಗಿದಿರಬಹುದು, ಆದರೆ ದುಡ್ಡು ಕೊಟ್ಟು ಸರ್ವಿಸ್ ಮಾಡಿಸುವವನಿಗೆ ಕಾನೂನಿನಲ್ಲಿ ಇರುವ ಸ್ಥಾನ ಹೊಸ ಕಾರಿನವನಷ್ಟೇ.

ಡೀಲರೇ ಇಲ್ಲದ ಊರಿಗೆ ಮೆಕ್ಯಾನಿಕ್ ಬಂದ ಕಥೆ

"ದೂರದ ಊರಿನವರಿಗೆಲ್ಲ ಸೌಲಭ್ಯ ಕೊಡೋಕೆ ಆಗಲ್ಲ" ಅನ್ನುವವರಿಗೆ ಒಂದು ಹಳೆಯ ಸಂಗತಿ ನೆನಪಿಸಬೇಕು.

ಜಪಾನಿನ ಟೊಯೋಟಾ ಕಂಪನಿಯು ಲೆಕ್ಸಸ್ ಅನ್ನುವ ದುಬಾರಿ ಕಾರನ್ನು ಅಮೆರಿಕದಲ್ಲಿ ಮಾರಲು ಶುರು ಮಾಡಿದ್ದು 1989ರ ಸೆಪ್ಟೆಂಬರಿನಲ್ಲಿ. ಮೂರೇ ತಿಂಗಳಿಗೆ, ಡಿಸೆಂಬರಿನಲ್ಲಿ, ತೊಂದರೆ ಕಾಣಿಸಿತು. ಕೆಲವರ ಕಾರಿನಲ್ಲಿ ವೈರಿಂಗ್ ದೋಷ, ಹಿಂದಿನ ಬ್ರೇಕ್ ದೀಪ ಬಿಸಿಯಾಗುವುದು, ಅಂಥವು. ಹೊಸ ಹೆಸರು, ಹೊಸ ಕಾರು. ಬೆನ್ಸ್, ಬಿ.ಎಂ.ಡಬ್ಲ್ಯು. ಜೊತೆ ಪೈಪೋಟಿ. ಅಲ್ಲಿಗೆ ಮುಗಿಯಿತು ಅಂದುಕೊಂಡವರೇ ಹೆಚ್ಚು.

ಲೆಕ್ಸಸ್‌ನವರು ಏನು ಮಾಡಿದರು? ಅಲ್ಲಿಯವರೆಗೆ ಮಾರಿದ್ದ ಸುಮಾರು 8,000 ಕಾರುಗಳನ್ನೂ ವಾಪಸು ಕರೆದರು. ಗಿರಾಕಿಗಳನ್ನು ಶೋರೂಂಗೆ ಬನ್ನಿ ಅನ್ನಲಿಲ್ಲ. ಮನೆ ಬಾಗಿಲಿಗೆ ಹೋಗಿ ಕಾರು ತಂದರು, ಬೇಕಾದವರಿಗೆ ಎರವಲು ಕಾರು ಬಿಟ್ಟುಬಂದರು. ರಿಪೇರಿ ಮಾಡಿ, ತೊಳೆದು, ಪೆಟ್ರೋಲು ತುಂಬಿಸಿ ಹಿಂದಿರುಗಿಸಿದರು. ಡೀಲರೇ ಇಲ್ಲದ ಗ್ರ್ಯಾಂಡ್ ರ‍್ಯಾಪಿಡ್ಸ್ ಅನ್ನುವ ಊರಿನಲ್ಲಿ ಗ್ಯಾರೇಜು ಬಾಡಿಗೆಗೆ ಹಿಡಿದು, ಮೆಕ್ಯಾನಿಕ್‌ಗಳನ್ನು ವಿಮಾನದಲ್ಲಿ ಕಳಿಸಿದರು. ಎಲ್ಲ ಕೆಲಸ ಮುಗಿಯಲು ಹಿಡಿದದ್ದು ಇಪ್ಪತ್ತು ದಿನ.

ಹೆಸರು ಹೋಗಬೇಕಾಗಿದ್ದ ಕಡೆ ಹೆಸರು ಬಂತು. ಅಲ್ಲಿಂದ ಮುಂದೆ ಬೇರೆ ಕಂಪನಿಯವರೂ ಎರವಲು ಕಾರಿನ ಬಗ್ಗೆ ಯೋಚನೆ ಮಾಡಬೇಕಾಯಿತು. ಗ್ರ್ಯಾಂಡ್ ರ‍್ಯಾಪಿಡ್ಸ್‌ಗೆ ಆದದ್ದು ಚಿಕ್ಕಮಗಳೂರಿಗೆ ಆಗಬಾರದೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ?

ಅಮೆರಿಕದ ಡಲ್ಲಾಸ್‌ನಲ್ಲಿ ಕಾರ್ಲ್ ಸ್ಯೂಯೆಲ್ ಅನ್ನುವ ಕ್ಯಾಡಿಲಾಕ್ ಡೀಲರ್ ಇದ್ದ. 1990ರಲ್ಲಿ ಗಿರಾಕಿಗಳನ್ನು ಉಳಿಸಿಕೊಳ್ಳುವ ಬಗೆ ಅಂತ ಒಂದು ಪುಸ್ತಕವನ್ನೇ ಬರೆದ. ಬಿಟ್ಟಿ ಎರವಲು ಕಾರು ಕೊಡುವುದು ಖರ್ಚಲ್ಲ, ಮುಂದಿನ ಮಾರಾಟದ ಬೀಜ ಅನ್ನುವುದು ಆತನ ವಾದ. ಧರ್ಮಕ್ಕೆ ಮಾಡಿದ್ದಲ್ಲ, ಲೆಕ್ಕ ಹಾಕಿ ಮಾಡಿದ್ದು. ಎರವಲು ಪಡೆದವನು ಕಂಪನಿಯ ಹೊಸ ಕಾರನ್ನೇ ಎರಡು ದಿನ ಓಡಿಸುತ್ತಾನೆ, ಇಷ್ಟವಾದರೆ ಅದನ್ನೇ ಕೇಳುತ್ತಾನೆ. ಕೆಲವು ತಿಂಗಳು ಓಡಿದ ಎರವಲು ಕಾರನ್ನು ಸ್ವಲ್ಪ ಕಡಿಮೆ ಬೆಲೆಗೆ ಮಾರುವುದು ಅಲ್ಲಿ ಮಾಮೂಲಿ ವ್ಯಾಪಾರ.

ಕಂಪನಿ ಬೇರೆ, ಡೀಲರು ಬೇರೆ

ನಮ್ಮಲ್ಲಿ ಗಿರಾಕಿ ಸೋಲುವುದು ಕಂಪನಿಗೂ ಡೀಲರಿಗೂ ನಡುವಿನ ಸಂದಿಯಲ್ಲಿ. ಡೀಲರನ್ನು ಕೇಳಿದರೆ "ಪಾರ್ಟು ಕಳಿಸಬೇಕಾದ್ದು ಕಂಪನಿ." ಕಂಪನಿಯ ಫೋನಿಗೆ ಮಾಡಿದರೆ "ನಿಮ್ಮ ಡೀಲರನ್ನು ಸಂಪರ್ಕಿಸಿ."

ಕಾನೂನಿನಲ್ಲೂ ಇವರಿಬ್ಬರು ಬೇರೆ ಬೇರೆಯೇ. ಗೋವಾದ ಗಿರಾಕಿಯೊಬ್ಬರು 2011ರ ಮಾಡೆಲ್ ಟಾಟಾ ಕಾರಿಗೆ ದುಡ್ಡು ಕಟ್ಟಿದರೆ ಡೀಲರು ಕೊಟ್ಟದ್ದು 2009ರ ಮಾಡೆಲ್. ಕೇಸು ಸುಪ್ರೀಂ ಕೋರ್ಟಿನ ತನಕ ಹೋಯಿತು. 2021ರ ಫೆಬ್ರವರಿ 18ರಂದು ಬಂದ ತೀರ್ಪು ಹೀಗೆ: ಕಂಪನಿಯೂ ಡೀಲರೂ ಇಬ್ಬರು ಸ್ವತಂತ್ರ ವ್ಯಾಪಾರಿಗಳ ಹಾಗೆ ಕರಾರು ಮಾಡಿಕೊಂಡಿದ್ದರೆ, ಡೀಲರ ತಪ್ಪು ಕಂಪನಿಗೆ ಗೊತ್ತಿತ್ತು ಅಂತ ತೋರಿಸದ ಹೊರತು ಅದನ್ನು ಕಂಪನಿಯ ತಲೆಗೆ ಕಟ್ಟಲಾಗದು. ಆದ್ದರಿಂದ ಡೀಲರಿಗೆ ಬರೆದ ಪ್ರತಿ ಕಾಗದದ ನಕಲನ್ನು ಕಂಪನಿಗೂ ಕಳಿಸಬೇಕು. ನಾಳೆ "ನಮಗೆ ಗೊತ್ತೇ ಇರಲಿಲ್ಲ" ಅನ್ನುವ ಹಾಗಿರಬಾರದು.

ಕಾರಿನ ಬಿಲ್ಲು ಯಾರ ಹೆಸರಿನಲ್ಲಿದೆ ಅಂತಲೂ ನೋಡಿ. ಬೆನ್ಸ್ ಕಂಪನಿ 2021ರ ಅಕ್ಟೋಬರಿನಿಂದ ನಮ್ಮ ದೇಶದಲ್ಲಿ ಹೊಸ ಕಾರನ್ನು ತಾನೇ ನೇರ ಗಿರಾಕಿಗೆ ಮಾರುವ ಪದ್ಧತಿ ತಂದಿತು. ಬಿಲ್ಲು ಕಂಪನಿಯದು, ಶೋರೂಂನವರು ನಡುವಿನ ಏಜೆಂಟರು. ಸರ್ವಿಸು ಮಾತ್ರ ಶೋರೂಂನವರದೇ. ಹೀಗಿರುವಾಗ ಕಾರಿನ ದೋಷಕ್ಕೆ ಯಾರನ್ನು ಹಿಡಿಯಬೇಕು, ಸರ್ವಿಸಿನ ದೋಷಕ್ಕೆ ಯಾರನ್ನು ಹಿಡಿಯಬೇಕು ಅನ್ನುವುದು ಬಿಲ್ಲಿನ ಮೇಲೇ ಇರುತ್ತದೆ.

ಕೋರ್ಟಿಗೆ ಹೋದರೆ?

ಹೋದವರಿದ್ದಾರೆ, ಗೆದ್ದವರೂ ಇದ್ದಾರೆ. ಆದರೆ ಎಷ್ಟು ವರ್ಷ ಕಾದರು ಅಂತ ನೋಡಿ. ಕಂಪನಿಯೊಂದು 2009ರ ಸೆಪ್ಟೆಂಬರ್ 25ರಂದು ಬಿ.ಎಂ.ಡಬ್ಲ್ಯು. 7 ಸೀರೀಸ್ ಕಾರು ಕೊಂಡಿತು. ನಾಲ್ಕೇ ದಿನಕ್ಕೆ ಕಾರು ಶೆಡ್ಡಿಗೆ. ನವೆಂಬರಿನಲ್ಲಿ ಮತ್ತೆ ಅದೇ ರಾಗ. ಪೊಲೀಸು ದೂರಾಯಿತು. 2012ರಲ್ಲಿ ಹೈಕೋರ್ಟು ಕ್ರಿಮಿನಲ್ ಕೇಸು ರದ್ದು ಮಾಡಿ, ಹೊಸ ಕಾರು ಕೊಡಿ ಅಂದಿತು. ಕಂಪನಿ ಕೊಡುತ್ತೇನೆ ಅಂದರೂ ಗಿರಾಕಿಗೆ ಬೇಕಾದದ್ದು ಬಡ್ಡಿ ಸಮೇತ ದುಡ್ಡು. ಕೊನೆಗೆ 2024ರ ಜುಲೈ 10ರಂದು ಸುಪ್ರೀಂ ಕೋರ್ಟು, ಎಲ್ಲ ತಗಾದೆಗೂ ಕೊನೆಯಾಗಿ 50 ಲಕ್ಷ ರೂಪಾಯಿ ಕೊಡಿ ಅಂತ ಕಾರು ಕಂಪನಿಗೆ ಆದೇಶಿಸಿತು. ನಾಲ್ಕು ದಿನದಲ್ಲಿ ಕೆಟ್ಟ ಕಾರಿನ ತಗಾದೆ ಮುಗಿಯಲು ಹತ್ತಿರ ಹತ್ತಿರ ಹದಿನೈದು ವರ್ಷ!

ನಮ್ಮ ಬೆಳೆಗಾರರಿಗೆ ಬೇಕಾದ ಇನ್ನೊಂದು ತೀರ್ಪು ಅದರ ಹಿಂದಿನ ದಿನವೇ, ಜುಲೈ 9ರಂದು, ಬೆನ್ಸ್ ಕಾರಿನ ಕೇಸಿನಲ್ಲಿ ಬಂತು. ಅನೇಕರು ಕಾರನ್ನು ಎಸ್ಟೇಟಿನ ಅಥವಾ ಕಂಪನಿಯ ಹೆಸರಿನಲ್ಲಿ ಕೊಳ್ಳುತ್ತಾರಷ್ಟೆ. "ನೀವು ಗ್ರಾಹಕರೇ ಅಲ್ಲ, ವ್ಯಾಪಾರಕ್ಕೆ ಕೊಂಡವರು" ಅಂತ ಶೋರೂಂನವರು ಹೆದರಿಸುವುದುಂಟು. ಕಂಪನಿಯ ಹೆಸರಿನಲ್ಲಿ ಕೊಂಡರೂ ಡೈರೆಕ್ಟರ ಸ್ವಂತ ಓಡಾಟಕ್ಕೆ ಇರುವ ಕಾರಿನ ವಿಷಯದಲ್ಲಿ ಈ ವಾದ ನಡೆಯದು ಅಂತ ಆ ತೀರ್ಪಿನಿಂದ ಗೊತ್ತಾಗುತ್ತದೆ.

ಅಷ್ಟು ದೂರ ಹೋಗುವುದೂ ಬೇಡ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ರಕ್ಷಣಾ ಕಾಯಿದೆಯಲ್ಲಿ ನಮ್ಮಂಥ ದೂರದ ಊರಿನವರಿಗೆ ಒಂದು ದೊಡ್ಡ ಅನುಕೂಲವಿದೆ. ಶೋರೂಂ ಬೆಂಗಳೂರಿನಲ್ಲಿರಲಿ, ಮಂಗಳೂರಿನಲ್ಲಿರಲಿ, ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಅವರೇ ಘಾಟಿ ಹತ್ತಿ ಚಿಕ್ಕಮಗಳೂರಿಗೆ ಬರಬೇಕು! ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, ಅದಕ್ಕೆ ಮೇಲೆ 2 ಕೋಟಿಯವರೆಗೆ ರಾಜ್ಯ ಆಯೋಗ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೇ ಇಲ್ಲ. ದೂರು ಕೊಡಲು ಎರಡು ವರ್ಷದ ಗಡುವು. ಮೊದಲು ವಿಚಾರಿಸಿ ನೋಡುವವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಎರವಲು ಕಾರಿಗೆ ಕಾಯಿದೆ ಇಲ್ಲ ಅಂದೆವಲ್ಲ. ಆದರೆ ಕೊಡುತ್ತೇವೆ ಅಂತ ಒಪ್ಪಿ ಕೊಡದೆ ಹೋದರೆ ಅದು ಸೇವಾ ನ್ಯೂನತೆ, ಅದಕ್ಕೆ ಕಾಯಿದೆ ಇದೆ. ಒಪ್ಪಿದ್ದಕ್ಕೆ ಪುರಾವೆ ಬೇಕು, ಅಷ್ಟೇ.

ಬರೆಸಿಕೊಳ್ಳಿ ಸ್ವಾಮಿ!

ಮೂಡಿಗೆರೆಯ ಆ ಬೆಳೆಗಾರರು ಸೋತದ್ದು ಇಲ್ಲಿಯೇ. ಸೇಲ್ಸ್ ಹುಡುಗ ಜಗಲಿಯಲ್ಲಿ ಕೂತು ಹೇಳಿದ ಮಾತಿಗೆ ಕಾಗದವಿಲ್ಲ. ಆ ಹುಡುಗ ಈಗ ಆ ಶೋರೂಂನಲ್ಲೇ ಇಲ್ಲ. ಆದ್ದರಿಂದ ಮುಂದೆ ಕೊಳ್ಳುವವರು ಅಡ್ವಾನ್ಸ್ ಕೊಡುವ ಮೊದಲೇ ಕೆಲವು ಮಾತು ಬರಹದಲ್ಲಿ ಪಡೆಯಲಿ. ಅಡ್ವಾನ್ಸ್ ಕೊಡುವ ತನಕ ಶೋರೂಂನವರು ಬಾಗುತ್ತಾರೆ, ಕೊಟ್ಟ ಮೇಲೆ ಬಾಗಬೇಕಾದವರು ನಾವು.

ಕಾರು ಎಷ್ಟು ದಿನ ಶೆಡ್ಡಿನಲ್ಲಿದ್ದರೆ ಬದಲಿ ಕಾರು ಕೊಡುತ್ತೀರಿ? ಎಷ್ಟು ದಿನಕ್ಕೆ? ಚಿಕ್ಕಮಗಳೂರಿನ ವಿಳಾಸಕ್ಕೂ ಕೊಡುತ್ತೀರೋ ಇಲ್ಲವೋ? ಕಾರು ಇಲ್ಲದಿದ್ದರೆ ಟ್ಯಾಕ್ಸಿ ಬಾಡಿಗೆ ದಿನಕ್ಕೆ ಎಷ್ಟು? ಮನೆಯಿಂದ ಕಾರು ಒಯ್ದು ತಂದು ಬಿಡುವ ಖರ್ಚು ಯಾರದು? ಐದೇ ಪ್ರಶ್ನೆ. ಇ-ಮೇಲಿನಲ್ಲಿ ಕೇಳಿ, ಇ-ಮೇಲಿನಲ್ಲೇ ಉತ್ತರ ಪಡೆಯಿರಿ. ಅಪಘಾತದ ರಿಪೇರಿಯ ದಿನಗಳಿಗೆ ದಿನಭತ್ಯೆ ಕೊಡುವ ಹೆಚ್ಚುವರಿ ಪಾಲಿಸಿ ಇನ್ಶೂರೆನ್ಸ್ ಕಂಪನಿಗಳಲ್ಲಿ ಸಿಗುತ್ತದೆ, ಅದನ್ನೂ ವಿಚಾರಿಸಿ.

ಎರವಲು ಕಾರು ಸಿಕ್ಕಿತು ಅಂತ ಹಿಗ್ಗಿ ಹತ್ತಿ ಕೂರಬೇಡಿ. ಮೊದಲು ನಂಬರ್ ಫಲಕ ನೋಡಿ. ಕೆಂಪು ಫಲಕದ ಟ್ರೇಡ್ ಸರ್ಟಿಫಿಕೇಟ್ ಕಾರಾದರೆ ಬೇಡ ಅನ್ನಿ. ಅದು ಕೊಳ್ಳುವವರಿಗೆ ಓಡಿಸಿ ತೋರಿಸಲು, ನೋಂದಣಿಗೆ ಒಯ್ಯಲು, ಅಂಥ ಕೆಲಸಕ್ಕೆ ಮಾತ್ರ. ಅದರಲ್ಲಿ ಮನೆ ಮಂದಿಯನ್ನು ಕೂರಿಸಿಕೊಂಡು ಘಾಟಿ ಹತ್ತಿ ಏನಾದರೂ ಆದರೆ ಇನ್ಶೂರೆನ್ಸಿನವರು ಕೈ ಎತ್ತಲು ಕಾರಣ ಸಿಕ್ಕಂತೆ. ಆರ್.ಸಿ., ಇನ್ಶೂರೆನ್ಸ್ ನಕಲು ತೆಗೆದುಕೊಳ್ಳಿ. ಇರುವ ಗೀರುಗಳ ಫೋಟೋ ಹೊಡೆಯಿರಿ, ಪೆಟ್ರೋಲಿನ ಮುಳ್ಳು ಎಲ್ಲಿದೆ ಅಂತ ಬರೆಸಿ. ವಾಪಸು ಕೊಡುವಾಗ ಅಷ್ಟೇ ತುಂಬಿಸಿ, ತೊಳೆದು ಕೊಡಿ. ಮರ್ಯಾದೆ ಕೇಳುವವನು ಮರ್ಯಾದೆ ಉಳಿಸಿಕೊಳ್ಳಬೇಕು.

ಜಾಬ್ ಕಾರ್ಡಿನಲ್ಲಿ ಕಾರು ಒಪ್ಪಿಸಿದ ದಿನ, ಹೇಳಿದ ದೋಷ, ಕೊಡುವ ದಿನ, ಮೂರನ್ನೂ ಬರೆಸದೆ ಸಹಿ ಹಾಕಬೇಡಿ. ಡ್ರೈವರನ್ನು ಕಳಿಸುವ ಯಜಮಾನರು ಆತನ ಕೈಯಲ್ಲಿ ಒಂದು ಅಧಿಕಾರ ಪತ್ರ ಕೊಟ್ಟು ಕಳಿಸಲಿ. ಕಾಗದ ಇದ್ದವನನ್ನು ತಗಡಿನ ಮಾಡಿಗೆ ಅಟ್ಟುವುದು ಅಷ್ಟು ಸುಲಭವಲ್ಲ.

ಬಸ್ಸಿನಲ್ಲಿ ಓಡಾಡುವ ನಮಗೆ ಈ ದೊಡ್ಡವರ ರಗಳೆ ಯಾಕೆ ಅಂತ ಈಗಲೂ ಕೇಳುವವರಿರಬಹುದು. ಸ್ಕೂಟರಿನ ಷೋರೂಮಿನಲ್ಲೂ ಇದೇ ನಡೆಯುತ್ತದೆ, ಟ್ರ್ಯಾಕ್ಟರಿನ ಡೀಲರಲ್ಲೂ ಇದೇ ನಡೆಯುತ್ತದೆ. ಉಳುಮೆಯ ಹೊತ್ತಿಗೆ ಟ್ರ್ಯಾಕ್ಟರು ಹದಿನೈದು ದಿನ ಶೆಡ್ಡಿನಲ್ಲಿ ನಿಂತರೆ ರೈತನ ಹಂಗಾಮೇ ಹೋಯಿತು. ಆತನಿಗೆ ಎರವಲು ಟ್ರ್ಯಾಕ್ಟರು ಕೊಡುತ್ತೇವೆ ಅಂತ ಸುಳ್ಳು ಹೇಳುವವರೂ ಇಲ್ಲ. ಅದೇ ಕಾಯಿದೆ, ಅದೇ ಆಯೋಗ, ಅದೇ ಎರಡು ವರ್ಷದ ಗಡುವು ಎಲ್ಲರಿಗೂ ಒಂದೇ. ದುಡ್ಡಿದ್ದವರಾದರೂ ಒಮ್ಮೆ ಬರೆಸಿಕೊಂಡು, ಬರೆಸಿಕೊಂಡದ್ದನ್ನು ಕೇಳಿ ಪಡೆದರೆ, ನಾಳೆ ದುಡ್ಡಿಲ್ಲದವರು ಕೇಳಲು ಒಂದು ದಾರಿ ಆಗುತ್ತದೆ.

ಮೂಡಿಗೆರೆಯ ಬೆಳೆಗಾರರು ಟ್ಯಾಕ್ಸಿಯ ಹನ್ನೆರಡು ರಸೀತಿಗಳನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಶೋರೂಂಗೆ ಒಂದು, ಕಂಪನಿಗೆ ಒಂದು ರಿಜಿಸ್ಟರ್ಡ್ ಕಾಗದ ಹೋಗಿದೆ. ಮೂವತ್ತು ದಿನ ಕಾದು ನೋಡುತ್ತಾರಂತೆ. ಉತ್ತರ ಬಾರದಿದ್ದರೆ ಆಯೋಗದ ಬಾಗಿಲು ತಟ್ಟುವುದು ಖಂಡಿತ ಅಂದಿದ್ದಾರೆ. ಅಲ್ಲಿ ಏನಾಯಿತು ಅನ್ನುವುದನ್ನು ಇದೇ ಅಂಕಣದಲ್ಲಿ ಓದುಗರಿಗೆ ತಿಳಿಸುತ್ತೇವೆ.